ಬೀಸೋಳು, ಹಿಡಿಯೋಳು

ಮಾರ್ಚ್ ೪, ಸೋಮವಾರ

ಅದೇ, ಆ ತಿರುಗುವ ಕುರ್ಚಿ. ಇವತ್ತೂ ಬಿದ್ದೆ. ಮೊನ್ನೆ ಎಡಕ್ಕೆ, ಇವತ್ತು ಹಿಂದಕ್ಕೆ. ಬಿದ್ದ ಸದ್ದಿಗೆ ಬಾಯ್ಲರ್ ಮಾವ ಓಡಿ ಬಂದ. ನಮ್ಮ ಲಾಂಡ್ರಿಯಲ್ಲಿ ಉಗಿ ಕಾಯಿಸುವವನು ಅವನು. ಎಲ್ಲೇ ದಢ್ ಅಂದರೂ ಬಾಯ್ಲರೇ ಸಿಡಿಯಿತು ಅಂತ ಎದೆ ಹಿಡಿದುಕೊಳ್ಳುತ್ತಾನೆ. ನಾನು ನೆಲದ ಮೇಲೆ ಕೂತೇ, "ಏನಿಲ್ಲ ಮಾವ, ಅಧಿಕಾರದಿಂದ ಇಳಿದೆ" ಅಂದೆ.

"ಬೇಗನೇ ಇಳಿದ್ಯಲ್ಲಮ್ಮ" ಅಂದು ಹೋದ. ಕೈ ಕೊಟ್ಟು ಎಬ್ಬಿಸಲಿಲ್ಲ.

ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಜಾಗ ಇದು. ಹೋದ ತಿಂಗಳ ತನಕ ನಾನು ಇಲ್ಲೇ ಶೀಟು ಮಡಿಸುತ್ತಿದ್ದವಳು. ಎಚ್.ಆರ್. ಮ್ಯಾನೇಜರು ಹೇಳದೆ ಕೇಳದೆ ಬೇರೆ ಕಡೆ ಹೋದ. ಅವನಿಗಿಂತ ಮೊದಲಿದ್ದವಳು ಅತ್ತುಕೊಂಡು ಹೋಗಿದ್ದಳು. ಸಾಹೇಬರು ನನ್ನನ್ನು ಕರೆದು, "ನಿನ್ನ ಮಾತಿಗೆ ಎಲ್ಲಾರೂ ನಗ್ತಾರೆ. ನೀನೇ ನೋಡ್ಕೋ" ಅಂದರು.

"ನಗ್ಸೋದು ಬಂದ್ರೆ ಸಾಕು ಅಂದ್ರೆ, ಸರ್ಕಸ್ ಜೋಕರ್‌ಗಳೆಲ್ಲ ಮ್ಯಾನೇಜರ್ ಆಗ್ಬೇಕಿತ್ತಲ್ಲ ಸಾರ್."

"ಆಗಿದಾರೆ" ಅಂದರು ಸಾಹೇಬರು. ನಗಲಿಲ್ಲ.

ಎಲ್ಲರೂ ಖುಷಿಪಟ್ಟರು, ನನ್ನ ಜೋಡಿ ಒಬ್ಬಳನ್ನು ಬಿಟ್ಟು. ಮಡಿಸುವುದು ಒಬ್ಬರ ಕೆಲಸ ಅಲ್ಲ. ಒಬ್ಬಳು ಬೀಸೋಳು, ಒಬ್ಬಳು ಹಿಡಿಯೋಳು. ಬೀಸೋಳು ಶೀಟಿನ ಎರಡು ಮೂಲೆ ಹಿಡಿದು, ತಲೆ ಮೇಲಕ್ಕೆ ಎತ್ತಿ ಎದುರಿಗೆ ಬೀಸುತ್ತಾಳೆ. ಹಿಡಿಯೋಳು ಆ ಕಡೆಯ ಮೂಲೆಗಳನ್ನು ಗಾಳಿಯಲ್ಲೇ ಹಿಡಿಯಬೇಕು. ನೆಲಕ್ಕೆ ತಾಗಿದರೆ ಶೀಟು ಮತ್ತೆ ಒಗೆತಕ್ಕೆ. ಮದುವೆ ಇದ್ದ ಹಾಗೆ ಇದು. ಒಮ್ಮೆ ಜೋಡಿ ಆದರೆ ಅದೇ ಜೋಡಿ, ಅದೇ ಪಕ್ಕ, ಕೊನೇ ತನಕ. ನಾನು ಹಿಡಿಯೋಳು. ಬೀಸುತ್ತಿದ್ದವಳನ್ನು ನಾನು ಜೋಡಿ ಅಂತಲೇ ಕರೆಯುವುದು, ಅವಳೂ ನನ್ನನ್ನು ಹಾಗೇ. ಈಗ ಅವಳ ಎದುರಿಗೆ ಏಣಿ ನಿಂತಿದ್ದಾಳೆ. ಏಣಿ ಅಂದರೆ ಹೊಸಬಳು, ಎರಡು ಮಕ್ಕಳ ತಾಯಿ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಉದ್ದ.

ಈ ಪುಸ್ತಕ ಹೆಡ್ಡಾಫೀಸಿನ ಅಪ್ಪಣೆ. ತರಬೇತಿಗೆ ಬರುವವರು ದಿನಾ ಮನಸ್ಸಿಗೆ ಬಂದದ್ದು ಬರೆಯಬೇಕಂತೆ. ಯಾರೂ ಓದುವುದಿಲ್ಲವಂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಓದುತ್ತೇನೆ ಅಂದರೂ ಓದೋಕೆ ಆಗಲ್ಲ, ಬಿಡಿ.

ಮಾರ್ಚ್ ೬, ಬುಧವಾರ

ತರಬೇತಿ ಒಂದು ಹೋಟೆಲಿನ ಹಾಲಿನಲ್ಲಿ. ಬ್ಯಾಂಕಿನವರು, ಆಸ್ಪತ್ರೆಯವರು, ಬಿಸ್ಕತ್ತು ಕಾರ್ಖಾನೆಯವರು, ಎಲ್ಲಾ ಕಡೆಯ ಎಚ್.ಆರ್. ಮ್ಯಾನೇಜರುಗಳು. ಎಲ್ಲರ ಕೊರಳಲ್ಲೂ ಹೆಸರಿನ ಪಟ್ಟಿ, ಎಲ್ಲರ ಮುಖದಲ್ಲೂ ನಿದ್ದೆ.

ಹೇಳಿಕೊಡಲು ಬಂದವರ ಕೈಯಲ್ಲಿ ಗೋಡೆಯ ಚಿತ್ರ ಬದಲಾಯಿಸುವ ರಿಮೋಟು. ಪಾಪ, ಒಳ್ಳೆಯ ಹೆಂಗಸು. ಊಟಕ್ಕೆ ಹೋಗುವಾಗಲೂ ಅದನ್ನು ಬಿಡಲಿಲ್ಲ. ಈಗಿನ ಕಾಲದ ಸಮಸ್ಯೆಗಳು ಅಂತ ಮೊದಲು ಶುರು ಮಾಡಿದರು. ಮನೆಯಿಂದಲೇ ಕೆಲಸ ಕೊಡಿ ಅಂತ ನಿಮ್ಮಲ್ಲಿ ಕೇಳುತ್ತಾರಾ ಅಂದರು.

"ನಮ್ಮೋರಿಗೆ ಮನೇಲೂ ಬಟ್ಟೆ ಒಗ್ಯೋದೇ ಕೆಲ್ಸ ಮೇಡಂ. ಅದಕ್ಕೂ ಸಂಬಳ ಕೊಡೋದಾದ್ರೆ ನಾಳೇನೇ ಹೇಳ್ತೀನಿ" ಅಂದೆ. ಬ್ಯಾಂಕಿನವನಿಗೆ ಎಚ್ಚರಾಯಿತು.

ಕಲಿತದ್ದು ಬರೆದಿಡುತ್ತೇನೆ. ಯಾರಿಗಾದರೂ ತಪ್ಪು ಹೇಳುವಾಗ ಸ್ಯಾಂಡ್‌ವಿಚ್ ಥರ ಹೇಳಬೇಕು. ಮೇಲೆ ಹೊಗಳಿಕೆ, ನಡುವೆ ತಪ್ಪು, ಕೆಳಗೆ ಮತ್ತೆ ಹೊಗಳಿಕೆ. ಕೆಲಸಗಾರರನ್ನು ಒಂದೇ ಜಾಗದಲ್ಲಿ ಬೇರು ಬಿಡಲು ಬಿಡಬಾರದು, ಅದಲು ಬದಲು ಮಾಡುತ್ತಿರಬೇಕು. ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು. ಎದುರಿನವರು ಬಾಯಿ ಬಿಡುವ ತನಕ ನಾವು ಬಿಡಬಾರದು.

ಅದರ ನಾಟಕ ಆಡಿಸಿದರು. ಆಸ್ಪತ್ರೆಯವಳು ಕೆಲಸಗಾರ್ತಿ, ನಾನು ಮ್ಯಾನೇಜರು. "ಏನಮ್ಮ ಕಷ್ಟ?" ಅಂತ ಕೇಳಿದೆ. ಅವಳು ಯೋಚನೆ ಮಾಡುತ್ತಾ ಕೂತಳು. ನನಗೆ ಕಾಯಲು ಆಗಲಿಲ್ಲ. "ಗಂಡನಾ? ಅತ್ತೆಯಾ? ಇಬ್ರೂನಾ?" ಅಂದುಬಿಟ್ಟೆ. ಹಾಲೆಲ್ಲ ನಕ್ಕಿತು. ಮೇಡಂ ಕೂಡ ನಕ್ಕರು, ಆಮೇಲೆ ಏನನ್ನೋ ಬರೆದುಕೊಂಡರು.

ಮಾರ್ಚ್ ೭, ಗುರುವಾರ

ಸ್ಯಾಂಡ್‌ವಿಚ್ ಮೊದಲು ಬಾಯ್ಲರ್ ಮಾವನಿಗೆ ಬಡಿಸಿದೆ.

"ಮಾವ, ನಿನ್ನ ಕೋಣೆ ಕನ್ನಡಿ ಥರ ಇದೆ."

ಅವನ ಮುಖ ಬಿಳಚಿತು. "ಯಾಕಮ್ಮ, ಏನಾಯ್ತು?"

"ಸಿಗರೇಟು ಮಾತ್ರ ಒಳಗೆ ಸೇದ್ಬೇಡ. ಆದ್ರೆ ನಿನ್ನ ಮೀಸೆ ಭಾಳ ಚೆನ್ನಾಗಿದೆ."

"ಅಲ್ಲಮ್ಮ, ಸಿಗರೇಟು ಬೇಡ ಅಂದಿದ್ರೆ ಮುಗೀತಿತ್ತು. ಮೀಸೆ ತನಕ ಯಾಕೆ ಬಂದೆ? ನಿಮ್ಮತ್ತೆಗೆ ಗೊತ್ತಾದ್ರೆ ನನ್ನ ಗತಿ ಏನು?"

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಲಾಂಡ್ರಿಯೆಲ್ಲ ಹಬ್ಬಿತ್ತು. ನಾನು ಹೊಗಳಿದರೆ ಕೆಲಸಕ್ಕೆ ಸಂಚಕಾರ ಬಂತು ಅಂತಲೇ ಲೆಕ್ಕ. ಸಂಜೆ ಇಸ್ತ್ರಿಯವಳಿಗೆ, ನಿಜವಾಗಲೂ ಮನಸಾರೆ, "ಸೀರೆ ಚೆನ್ನಾಗಿದೆ ಕಣೆ" ಅಂದೆ. ಅಳೋಕೆ ಶುರು ಮಾಡಿದಳು.

ಮಾರ್ಚ್ ೧೨, ಮಂಗಳವಾರ

ಹೆಡ್ಡಾಫೀಸಿನಿಂದ ಫೋನು. ಈ ವರ್ಷ ಎಲ್ಲರಿಗೂ ಒಂದರಿಂದ ಐದರ ತನಕ ಅಂಕ. ಪ್ರತಿ ವಿಭಾಗದಲ್ಲೂ ಒಬ್ಬರಿಗೆ 'ಒಂದು' ಬೀಳಲೇಬೇಕು. ಯಾರಿಗೆ ಬಿತ್ತೋ ಅವರು ಮನೆಗೆ. ಮೊದಲು ಮಡಿಸುವ ವಿಭಾಗ, ಇಪ್ಪತ್ತೆಂಟನೇ ತಾರೀಖಿನೊಳಗೆ ಅಂಕದ ಪಟ್ಟಿ ಕಳಿಸಬೇಕು.

"ಎಲ್ರೂ ಚೆನ್ನಾಗಿ ಕೆಲ್ಸ ಮಾಡಿದ್ರೆ?" ಅಂತ ಕೇಳಿದೆ.

"ಆಗಲೂ ಒಬ್ರಿಗೆ ಒಂದು" ಅಂದರು.

ಐದು ಜನ ಅಕ್ಕ ತಂಗಿಯರಲ್ಲಿ ಒಬ್ಬಳು ಕುಳ್ಳಿ ಆಗಲೇಬೇಕು ಅಂದ ಹಾಗಾಯಿತು ಅಂತ ಹೇಳಹೊರಟೆ. ಆ ಕಡೆ ಫೋನು ಇಟ್ಟಿದ್ದರು. ಒಳ್ಳೆಯ ಜೋಕು ದಂಡ.

ಮಡಿಸುವ ಕಡೆ ಹೋಗಿ ನಿಂತು ನೋಡಿದೆ. ನೆಲಕ್ಕೆ ಬೀಳುವ ಶೀಟು ಹೆಚ್ಚಾಗಿರುವುದು ಒಂದೇ ಜಾಗದಲ್ಲಿ. ಜೋಡಿ ಬೀಸುತ್ತಾಳೆ, ಏಣಿ ಕೈ ಚಾಚುತ್ತಾಳೆ, ಶೀಟು ಅವಳ ಮುಂದೆ ಬಂದು ಕುಸಿಯುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. "ಉದ್ದ ಇದ್ದು ಏನು ಬಂತು, ಹಿಡಿಯೋಕೆ ಬರ್ಬೇಕಲ್ಲ!" ಅಂತ ಜೋಡಿ ಬಯ್ಯುತ್ತಿದ್ದಳು. ಸುತ್ತಲಿನವರೂ ಹೌದು ಹೌದು ಅಂದರು.

ನನಗೆ ಗೊತ್ತು, ಏಣಿಯ ತಪ್ಪಲ್ಲ. ಜೋಡಿಯ ಬಲಭುಜ ಮೇಲೇಳುವುದಿಲ್ಲ. ಇವತ್ತಿನ ಮಾತಲ್ಲ ಇದು. ಅವಳ ಬೀಸು ಗಿಡ್ಡ ಆದಾಗಿನಿಂದ ನಾನೇ ಅರ್ಧ ಹೆಜ್ಜೆ ಮುಂದೆ ಹೋಗಿ ಬಗ್ಗಿ ಹಿಡಿಯುತ್ತಿದ್ದೆ. ಹೀಗೆ ಮಾಡಬೇಕು ಅಂತ ಯೋಚಿಸಿ ಮಾಡಿದ್ದಲ್ಲ, ಕಾಲೇ ಹೋಗುತ್ತಿತ್ತು. ಏಣಿ ಪಾಪ, ಇಲ್ಲೇ ನಿಲ್ಲಬೇಕು ಅಂತ ನೆಲದ ಮೇಲೆ ಹಾಕಿರುವ ಗೆರೆ ಬಿಟ್ಟು ಅಲುಗುವುದಿಲ್ಲ.

ಆ 'ಒಂದು' ಜೋಡಿಗೆ ಬಿದ್ದರೆ ಜೋಡಿ ಹೋಗುತ್ತಾಳೆ. ಏಣಿಗೆ ಬಿದ್ದರೆ ತಪ್ಪಿಲ್ಲದ ಏಣಿ ಹೋಗುತ್ತಾಳೆ. ಬಿಸಿತುಪ್ಪ, ಉಗುಳೋಕೂ ಇಲ್ಲ, ನುಂಗೋಕೂ ಇಲ್ಲ.

ಮಾರ್ಚ್ ೧೪, ಗುರುವಾರ

ಜೋಡಿಗೆ ಹೇಳಲೇಬೇಕು ಅಂತ ಹೋದೆ. "ಏನೇ, ನಿನ್ನ ಭುಜ…" ಅಂತ ಶುರು ಮಾಡಿದೆ. ಅವಳು ತಿರುಗಿ ನೋಡಿದ ನೋಟಕ್ಕೆ, "…ಭುಜದ ಮೇಲೆ ಜೇಡ" ಅಂದೆ. ಜೇಡ ಹುಡುಕಿದಳು. ಇಲ್ಲದ ಜೇಡವನ್ನು ಎಲ್ಲಿಂದ ತರಲಿ? ಆಮೇಲೆ ಒಂದು ಜೋಕು ಹೇಳಿದೆ, ಎಲ್ಲರೂ ನಕ್ಕರು, ಬಂದೆ.

ನಮ್ಮನೆಯವರಿಗೆ ಹೇಳಿದೆ. ಅವರದು ಕ್ಷೌರದ ಅಂಗಡಿ.

"ಬೋಳು ತಲೆಯೋರಿಗೆ ಕೂದ್ಲು ಉದುರ್ತಿದೆ ಅಂತ ಹೇಗ್ರೀ ಹೇಳ್ತೀರ?"

"ಹೇಳಲ್ಲ. ಹಿಂದ್ಗಡೆ ಕನ್ನಡಿ ಹಿಡೀತೀನಿ."

"ಅವ್ರು ಏನಂತಾರೆ?"

"ನಾನು ಬಾಯಿ ಮುಚ್ಕೊಂಡಿದ್ರೆ ಅವ್ರೇ ಹೇಳ್ತಾರೆ. ನಾನು ಮಾತಾಡಿದ್ರೆ ದುಡ್ಡು ಕಮ್ಮಿ ಕೊಡ್ತಾರೆ."

ಭುಜಕ್ಕೆ ಎಲ್ಲಿಂದ ಕನ್ನಡಿ ಹಿಡಿಯಲಿ? ಈ ಮನುಷ್ಯನಿಗೆ ಕೂದಲು ಬಿಟ್ಟರೆ ಬೇರೆ ಲೋಕವೇ ಇಲ್ಲ.

ಮಾರ್ಚ್ ೧೫, ಶುಕ್ರವಾರ

ಇವತ್ತೂ ಹೇಳಲಿಲ್ಲ. ಹೊಸ ಜೋಕು ಹೇಳಿದೆ. ಚೆನ್ನಾಗಿತ್ತು.

ಮಾರ್ಚ್ ೧೯, ಮಂಗಳವಾರ

'ಒಂದು' ಬಿದ್ದವರು ಮನೆಗೆ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಅಂಕ ಹಾಕುವ ಮೊದಲು ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಬೇಕು. ಇವತ್ತು ಏಣಿಯ ಸರದಿ. ಕುರ್ಚಿಯಲ್ಲಿ ಕೂತರೂ ನನಗಿಂತ ಎತ್ತರ.

"ನಾನು ಎಲ್ಲಿ ತಪ್ತಿದೀನಿ ಹೇಳಿ ಅಕ್ಕಾ. ಕಲೀತೀನಿ. ಮನೇಲೂ ಹಳೇ ಶೀಟು ತಗೊಂಡು ಮಕ್ಕಳ ಕೈಲಿ ಬೀಸ್ಸಿ ನೋಡ್ದೆ. ಅಲ್ಲಿ ಹಿಡೀತೀನಿ, ಇಲ್ಲಿ ಆಗಲ್ಲ."

"ಮಕ್ಕಳಿಗೂ ಇಲ್ಲೇ ಕೆಲ್ಸ ಕೊಡ್ಸೋಣ್ವಾ?" ಅಂದೆ. ನಕ್ಕಳು. ನಗುವಾಗ ಕಣ್ಣು ಒರೆಸಿಕೊಂಡಳು. ನನ್ನ ಜೋಕಿಗೆ ಜನ ನಕ್ಕು ನಕ್ಕು ಅತ್ತದ್ದು ನೋಡಿದ್ದೇನೆ. ಇದು ಆ ಥರ ಇರಲಿಲ್ಲ.

ರಾತ್ರಿ ಊಟ ಸೇರಲಿಲ್ಲ. ಗಂಟಲು ಕೆರೆತ.

ಮಾರ್ಚ್ ೨೦, ಬುಧವಾರ

ಗಂಟಲು ಪೂರ್ತಿ ಕೆಟ್ಟಿತು. ನಮ್ಮನೆಯವರು ಗೋಲಿಯಷ್ಟು ದಪ್ಪದ ಚೀಪುವ ಗುಳಿಗೆ ತಂದುಕೊಟ್ಟರು. ಅದನ್ನು ಬಾಯಿಗೆ ಹಾಕಿದ ಹೊತ್ತಿಗೇ ಜೋಡಿ ಒಳಗೆ ಬಂದಳು, ಅವಳ ಸರದಿ.

"ಹೇಗಿದೆ ಕೆಲ್ಸ?" ಅಂತ ಕೇಳಿದೆ. ಅಷ್ಟರಲ್ಲಿ ಗುಳಿಗೆ ನಾಲಿಗೆಯಡಿ ಸಿಕ್ಕಿಕೊಂಡಿತು. ಬಾಯಿ ತೆಗೆದರೆ ಅವಳ ಮೇಲೇ ಹಾರುತ್ತಿತ್ತು. ಸುಮ್ಮನೆ ಕೂತೆ.

ಅವಳು ಮೇಜು ನೋಡಿದಳು. ಕಿಟಕಿ ನೋಡಿದಳು. ನನ್ನನ್ನು ನೋಡಿದಳು.

"ಜೋಕು ಹೇಳಲ್ವಾ?"

ಇಲ್ಲ ಅಂತ ತಲೆ ಆಡಿಸಿದೆ.

"ಹಾಗಾದ್ರೆ ನಿಂಗೆ ಗೊತ್ತು" ಅಂದಳು. "ಗೊತ್ತಿಲ್ದೆ ಏನು, ಅರ್ಧ ಹೆಜ್ಜೆ ಮುಂದೆ ಬಂದು ಹಿಡೀತಿದ್ಯಲ್ಲ. ನಂಗೇನು ಕಣ್ಣಿಲ್ವಾ? ದಿನಾ ಕಾಯ್ತಿದ್ದೆ ಕಣೆ, ಇವತ್ತು ಹೇಳ್ತಾಳೆ, ಇವತ್ತು ಬಯ್ತಾಳೆ ಅಂತ. ನೀನು ನಗ್ಸಿ ನಗ್ಸಿ ಹೊರಟೋಗ್ತಿದ್ದೆ. ನೀನು ಕುರ್ಚಿ ಹತ್ತಿದಾಗ ನಾನು ಮುಖ ತಿರುಗಿಸಿದ್ದು ಹೊಟ್ಟೆಕಿಚ್ಚಿಗೆ ಅಂತ ತಿಳ್ಕೊಂಡ್ಯಾ? ಇನ್ಮೇಲೆ ನನ್ನ ಭುಜಾನ ಯಾರು ಮುಚ್ಚಿಡ್ತಾರೆ ಅಂತ ಕಣೆ."

ಗುಳಿಗೆ ಕರಗುತ್ತಲೇ ಇಲ್ಲ.

"ರಾತ್ರಿ ಈ ಕಡೆ ಮಗ್ಗಲು ತಿರುಗೋಕಾಗಲ್ಲ. ತಲೆ ಬಾಚ್ಕೊಳ್ಳೋಕೆ ಆಗಲ್ಲ, ಮಗಳು ಬಾಚ್ತಾಳೆ. ಆ ಉದ್ದದೋಳು ಒಳ್ಳೇಳು. ದಿನಾ ಬಯ್ತೀನಿ, ಒಂದಿನ ತಿರುಗಿ ಮಾತಾಡಿಲ್ಲ. ಆ 'ಒಂದು' ಅವಳಿಗೆ ಹಾಕ್ಬೇಡ. ನಂಗೇ ಹಾಕು."

ಎದ್ದು ಹೋದಳು. ಆಮೇಲೆ ಗುಳಿಗೆ ಕರಗಿತು. ಹೇಳಬೇಕಾದ್ದನ್ನು ಹೇಳಲು ನನಗೆ ಅವಕಾಶವೇ ಸಿಗಲಿಲ್ಲ, ಎಲ್ಲಾ ಆ ಹಾಳು ಗುಳಿಗೆಯಿಂದ.

ಮಾರ್ಚ್ ೨೧, ಗುರುವಾರ

ಗಂಟಲು ಸ್ವಲ್ಪ ವಾಸಿ. ಆದರೂ ಇರಲಿ ಅಂತ ಒಂದೊಂದು ಗುಳಿಗೆ ಬಾಯಲ್ಲಿಟ್ಟುಕೊಂಡು ಮಡಿಸುವವರನ್ನೆಲ್ಲ ಕರೆದೆ. ಬೀಸೋಳಿಗೂ ಹಿಡಿಯೋಳಿಗೂ ಒಂದೇ ಪ್ರಶ್ನೆ. ಎಲ್ಲಿ ನೋವು?

ಮೊದಲು ಎಲ್ಲಿಯೂ ಇಲ್ಲ ಅಂದರು. ನಾನು ಚೀಪುತ್ತಾ ಕೂತೆ. ಆಮೇಲೆ ಒಬ್ಬಳು ಹೇಳಿದಳು, ಮತ್ತೊಬ್ಬಳು ಹೇಳಿದಳು. ಬೀಸೋಳು ಅನ್ನಿಸಿಕೊಂಡವರೆಲ್ಲರಿಗೂ ಬಲಭುಜ. ಹಿಡಿಯೋಳು ಅನ್ನಿಸಿಕೊಂಡವರೆಲ್ಲ, ತಮ್ಮ ತಮ್ಮ ಬೀಸೋಳಿಗಾಗಿ ಗುಟ್ಟಾಗಿ ಅರ್ಧ ಹೆಜ್ಜೆ ಮುಂದೆ ಹೋಗುವವರೇ! "ಯಾರಿಗೂ ಹೇಳ್ಬೇಡ, ಅವಳಿಗೆ ಬೇಜಾರಾಗುತ್ತೆ" ಅಂತ ಒಬ್ಬೊಬ್ಬಳೂ ನನ್ನ ಕಿವಿಯಲ್ಲಿ ಹೇಳಿ ಹೋದಳು. ನಾನೊಬ್ಬಳೇ ಘನಂದಾರಿ ಕೆಲಸ ಮಾಡುತ್ತಿದ್ದೆ ಅಂತ ತಿಳಿದಿದ್ದೆ. ಇಡೀ ವಿಭಾಗವೇ ಮೆತ್ತಗೆ ಮುಂದೆ ಸರಿದಿದೆ. ನೆಲದ ಗೆರೆಯ ಮೇಲೆ ನಿಂತಿರುವವಳು ಏಣಿ ಒಬ್ಬಳೇ, ಹೊಸಬಳಾದ್ದರಿಂದ.

ನಮ್ಮ ರೂಢಿಯೇ ಹೀಗೆ. ಒಮ್ಮೆ ಬೀಸೋಳಾದವಳು ಸಾಯೋ ತನಕ ಬೀಸೋಳು. ರಿಮೋಟ್ ಮೇಡಂ ಅದಲು ಬದಲು ಅಂದಾಗ ನಾನು ಬ್ಯಾಂಕಿನವನ ಕಡೆ ತಿರುಗಿ ಕಣ್ಣು ಹೊಡೆದಿದ್ದೆ. ಕಣ್ಣು ಹೊಡೆಯೋ ಬದಲು ಕಿವಿ ಕೊಟ್ಟಿದ್ದರೆ ಆಗುತ್ತಿತ್ತು.

ಮಾರ್ಚ್ ೨೨, ಶುಕ್ರವಾರ

ಸಾಹೇಬರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಮಧ್ಯಾಹ್ನಕ್ಕೆ ಪಕ್ಕ ಬದಲಾಯಿಸಬೇಕು, ಬೆಳಿಗ್ಗೆ ಬೀಸಿದವಳು ಆಮೇಲೆ ಹಿಡಿಯಬೇಕು. ನನ್ನ ಜೋಡಿ ಮಾತ್ರ ಭುಜ ವಾಸಿಯಾಗುವ ತನಕ ಹಿಡಿಯಲಿ, ಬೀಸುವುದು ಬೇಡ.

"ಹೆಡ್ಡಾಫೀಸಿಗೆ ಆ 'ಒಂದು' ಬೇಕಲ್ಲಮ್ಮ" ಅಂದರು.

"ಭುಜ ಹೋಗಿದ್ದು ನಮ್ಮ ಕೆಲ್ಸದಿಂದ ಸಾರ್. ಅಂಕ ಹಾಕೋದಾದ್ರೆ ನಮ್ಮ ರೂಢಿಗೆ ಹಾಕ್ಬೇಕು."

ಸಾಹೇಬರು ಪೆನ್ನು ಕೆಳಗಿಟ್ಟರು. "ಆಯ್ತು, ಮಾಡಿ ನೋಡು. ನೆಲಕ್ಕೆ ಬೀಳೋದು ಕಮ್ಮಿ ಆಗ್ಲಿ, ಆಮೇಲೆ ನೀನೇ ಅವರ ಹತ್ರ ಮಾತಾಡು." ಬಾಗಿಲ ತನಕ ಹೋದವಳನ್ನು ಕರೆದು, "ಏನು, ಇವತ್ತು ತಮಾಷೆ ಇಲ್ವಾ?" ಅಂದರು. ಹೌದಲ್ಲ, ಮರೆತೇ ಹೋಗಿತ್ತು.

ಮಾರ್ಚ್ ೨೫, ಸೋಮವಾರ

ದೇವರೇ.

ಬೀಸೋಳು ಹಿಡಿಯಲು ನಿಂತಳು, ಹಿಡಿಯೋಳು ಬೀಸಲು ನಿಂತಳು. ಲಾಂಡ್ರಿ ಲಾಂಡ್ರಿಯಾಗಿ ಉಳಿಯಲಿಲ್ಲ. ಒಂದು ಕಡೆ ಇಬ್ಬರೂ ಬೀಸಿದರು, ಶೀಟು ನಡುವೆ ಗುಡಾರ ಆಯಿತು. ಇನ್ನೊಂದು ಕಡೆ ಇಬ್ಬರೂ ಹಿಡಿಯಲು ಓಡಿ, ಹಣೆಗೆ ಹಣೆ ಬಡಿದು, "ನೀನೇ ಬಂದಿದ್ದು," "ನೀನೇ ಬಂದಿದ್ದು" ಅಂತ ಜಗಳ. ಒಬ್ಬಳಂತೂ ಶೀಟಿನೊಳಗೆ ಸಿಕ್ಕಿಕೊಂಡು ಹೊರಗೆ ಬರುವ ದಾರಿ ಕೇಳುತ್ತಿದ್ದಳು. ಕುಣಿಯಲಾರದವರು ನೆಲ ಡೊಂಕು ಅಂದ ಹಾಗೆ ಎಲ್ಲರೂ ಗೆರೆಯನ್ನು ಬಯ್ದರು, ಬಾಯ್ಲರ್ ಮಾವ ಗೆರೆಯನ್ನೇ ಒರೆಸಿಬಿಟ್ಟ.

"ಗಂಡನ ಜೊತೆ ಮಂಚದ ಪಕ್ಕ ಬದಲಾಯ್ಸಿದ ಹಾಗಿದೆ" ಅಂದಳು ಇಸ್ತ್ರಿಯವಳು.

ಏಣಿ ಬೀಸಿದಳು ನೋಡಿ! ಅಷ್ಟು ಎತ್ತರದಿಂದ ಬೀಸಿದ ಶೀಟು ಫ್ಯಾನಿಗೇ ಸುತ್ತಿಕೊಂಡಿತು. "ಆಕಾಶಕ್ಕೆ ಬೀಸ್ತೀಯಲ್ಲೇ, ದೇವರು ಹಿಡೀತಾನಾ?" ಅಂತ ಜೋಡಿ ಕೂಗಿದಳು. ಆದರೆ ಎರಡನೇ ಸಲ ಬೀಸಿದ್ದು ಸೀದಾ ಅವಳ ಕೈಗೆ ಬಂದು ಕೂತಿತು. ಜೋಡಿ ಕೈಯಲ್ಲಿದ್ದ ಮೂಲೆಗಳನ್ನು ನೋಡುತ್ತಾ ನಿಂತಳು.

ನೆಲಕ್ಕೆ ಬಿದ್ದ ಶೀಟುಗಳಿಗೆ ಇವತ್ತು ಲೆಕ್ಕವಿಲ್ಲ. ಸಾಹೇಬರು ಬಂದು ನೋಡಿ, ಏನೂ ಹೇಳದೆ ಹೋದರು. ಅದೇ ಹೆದರಿಕೆ.

ಮಾರ್ಚ್ ೨೭, ಬುಧವಾರ

ನಿನ್ನೆ ಕಮ್ಮಿ ಬಿತ್ತು. ಇವತ್ತು ಇನ್ನೂ ಕಮ್ಮಿ. ಜೋಡಿ-ಏಣಿ ಜಾಗದಲ್ಲಿ ಒಂದೂ ಇಲ್ಲ.

ಮಾರ್ಚ್ ೨೮, ಗುರುವಾರ

ಅಂಕದ ಪಟ್ಟಿ ಕಳಿಸಿ ಹೆಡ್ಡಾಫೀಸಿಗೆ ಫೋನು ಮಾಡಿದೆ. ಎತ್ತಿದವರು ರಿಮೋಟ್ ಮೇಡಮ್ಮೇ. ಅಂಕ ನೋಡುವ ಕೆಲಸವನ್ನೂ ಹೆಡ್ಡಾಫೀಸು ಅವರಿಗೇ ಕೊಟ್ಟಿದೆಯಂತೆ.

"ಮಡಿಸೋ ವಿಭಾಗದಲ್ಲಿ ಯಾರಿಗೂ ಒಂದು ಹಾಕಿಲ್ವಲ್ಲ?" ಅಂದರು.

ಭುಜದ ಮಾತು ಹೇಳಿದೆ, ಪಕ್ಕ ಬದಲಾಯಿಸಿದ್ದು ಹೇಳಿದೆ, ಸಾಹೇಬರೂ ನೋಡಿದ್ದಾರೆ ಅಂದೆ. "ನೀವೇ ಹೇಳಿಕೊಟ್ಟಿದ್ದು ಮೇಡಂ, ಅದಲು ಬದಲು. ಈಗ ಒಂದು ಯಾರಿಗೆ ಹಾಕ್ಲಿ ಹೇಳಿ" ಅಂತ ಕೇಳಿದೆ.

ಸುಮ್ಮನಾದೆ. ಅವರೂ ಸುಮ್ಮನಾದರು. ಗುಳಿಗೆ ಡಬ್ಬಿ ಖಾಲಿಯಾಗಿತ್ತು, ಬಾಯಲ್ಲಿ ಏನೂ ಇರಲಿಲ್ಲ. ಆ ಕಡೆ ಗಡಿಯಾರದ ಸದ್ದು. ಫೋನು ಕಟ್ಟಾಯಿತೇನೋ ಅಂದುಕೊಂಡೆ. ಆದರೂ ಹಲೋ ಅನ್ನಲಿಲ್ಲ.

ಕೊನೆಗೆ ಮೇಡಂ ಉಸಿರು ಬಿಟ್ಟರು. "ನಂಗೇ ಪಾಠ ಒಪ್ಪಿಸ್ತಿದೀರಾ?" ಅಂದರು. ಆಮೇಲೆ, ಮಡಿಸುವ ವಿಭಾಗಕ್ಕೆ ಆರು ತಿಂಗಳು ಆ 'ಒಂದು' ಬೇಡ, ಅಲ್ಲಿ ತನಕ ಯಾರನ್ನೂ ಕಳಿಸುವುದು ಬೇಡ, ಭುಜ ನೋಯುವವರನ್ನೆಲ್ಲ ಲಾಂಡ್ರಿ ಖರ್ಚಿನಲ್ಲೇ ಡಾಕ್ಟರಿಗೆ ತೋರಿಸಿ ಅಂದರು. ಆರು ತಿಂಗಳ ನಂತರ ಮತ್ತೆ ನೋಡುತ್ತಾರಂತೆ. ನೋಡಲಿ.

ಸುದ್ದಿ ಹೇಳಲು ಹೋದೆ. ಏಣಿ ನನ್ನನ್ನು ತಬ್ಬಿಕೊಂಡಳು, ನನ್ನ ಮೂಗು ಅವಳ ಹೊಟ್ಟೆಗೆ ಒತ್ತಿತು. ಜೋಡಿ ಹಿಡಿದಿದ್ದ ಶೀಟು ಬಿಡಲಿಲ್ಲ. "ಡಾಕ್ಟ್ರ ಹತ್ರ ನೀನೂ ಬರ್ಬೇಕು. ನಾನೊಬ್ಳೇ ಹೋಗಲ್ಲ" ಅಂದಳು, ಅಷ್ಟೇ.

ಏಪ್ರಿಲ್ ೩, ಬುಧವಾರ

ಬರೆಯಲು ಪುರುಸೊತ್ತಿಲ್ಲ. ಯಾಕೋ ಜನ ಬಂದು ಬಂದು ಕೂರುತ್ತಿದ್ದಾರೆ. ಬೆಳಿಗ್ಗೆ ಬಾಯ್ಲರ್ ಮಾವ ಬಂದ. ಬಾಗಿಲು ಹಾಕಿಕೊಂಡು, ಮಗ ಮಾತು ಬಿಟ್ಟಿರುವ ವಿಷಯ ಎಲ್ಲ ಹೇಳಿದ. ನಾನು ಹೂಂ ಅಂದೆ, ಇನ್ನೊಂದು ಸಲ ಹೂಂ ಅಂದೆ. ಹೋಗುವಾಗ, "ಎಷ್ಟು ಚೆನ್ನಾಗಿ ಮಾತಾಡ್ದೆ ಕಣಮ್ಮ!" ಅಂದ. ನಾನೆಲ್ಲಿ ಮಾತಾಡಿದೆ? ಪಾಪ, ಬಾಯ್ಲರ್ ಸದ್ದಿಗೆ ಅವನ ಕಿವಿ ಹೋಗಿದೆ. ಅದನ್ನೂ ಡಾಕ್ಟರಿಗೆ ತೋರಿಸಬೇಕು.

ನಮ್ಮನೆಯವರು ನಿನ್ನೆ, "ಗಂಟಲು ಇನ್ನೂ ಸರಿಯಾಗಿಲ್ವಾ?" ಅಂತ ಕೇಳಿದರು. ಯಾಕೆ ಅಂದರೆ, "ಮನೇಲಿ ನನ್ನ ಮಾತು ನನಗೇ ಕೇಳಿಸ್ತಿದೆ" ಅಂದರು. ಗಂಟಲು ಸರಿಯಾಗಿ ಎಷ್ಟೋ ದಿನ ಆಯಿತು. ನನ್ನಲ್ಲೇನೂ ಬದಲಾಗಿಲ್ಲ. ಒಂದೆರಡು ಹೊಸ ಜೋಕು ಸಿಕ್ಕಬೇಕು, ಅಷ್ಟೇ.

ಡಾಕ್ಟರು ಜೋಡಿಯ ಭುಜಕ್ಕೆ ವ್ಯಾಯಾಮ ಹೇಳಿದ್ದಾರೆ. ಭಾರ ಎತ್ತಬಾರದು, ಮುಚ್ಚಳ ಗಿಚ್ಚಳ ತಿರುಗಿಸಿ ತೆಗೆಯುವುದೂ ಬೇಡವಂತೆ. ಯಾರಿಗೂ ಹೇಳಬೇಡ ಅಂತ ದಾರಿಯುದ್ದಕ್ಕೂ ನನ್ನಿಂದ ಆಣೆ ಹಾಕಿಸಿಕೊಂಡಳು. ನಾನು ಯಾಕೆ ಹೇಳಲಿ? ಯಾವತ್ತು ಹೇಳಬೇಕು ಅನ್ನಿಸುತ್ತದೋ ಅವತ್ತು ಅವಳೇ…

ಮಡಿಸುವ ಕಡೆಯಿಂದ ಜೋಡಿ ಕೂಗುತ್ತಿದ್ದಾಳೆ. ಎಲ್ಲರೂ ಊಟಕ್ಕೆ ಕೂತಿದ್ದಾರೆ. "ಏನೇ ಜೋಡಿ, ಬರ್ದಿದ್ದು ಸಾಕು ಬಾರೇ, ಊಟ ಆರೋಗ್ತಿದೆ! ನಂಗೆ ಭುಜ ನೋಯುತ್ತೆ, ಡಬ್ಬಿ ಮುಚ್ಚಳ ತಿರುಗ್ಸೋಕಾಗ್ತಿಲ್ಲ. ಬಂದು ತೆಗೆದ್ಕೊಡು!"

ಅಷ್ಟು ಜನರ ನಡುವೆ ಕೂತು, ಅಷ್ಟು ಜೋರಾಗಿ. ಬಂದೆ ಕಣೆ.